ಹತ್ತು ರೂಪಾಯಿ ಡಬ್ಬಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ.
ಆಧಾರ್, ಪಹಣಿ, ಹಾಲ್ ಟಿಕೆಟ್,
ಎಲ್ಲಕ್ಕೂ ಎರಡು ರೂಪಾಯಿ,
ಯಾರ ಮುಖವಾದರೂ ಒಂದೇ ದರ.

ಭಾನುವಾರ ಮಾತ್ರ ಬೇರೆ.
ಸ್ಟೇಡಿಯಮ್ಮಿನಿಂದ, ಬೆವರು ಆರುವ ಮೊದಲೇ,
ಹುಡುಗರು ಬಂದು ನನ್ನ ಗಾಜಿನ ಮೇಜಿನ ಮೇಲೆ
ಕಾರ್ಡು ಹರಡುತ್ತಾರೆ.
ಬಾಸ್ಕೆಟ್‌ಬಾಲ್ ಆಡುವವರವು, ಹೊರದೇಶದವು,
ಬೆಳಕಿಗೆ ಹಿಡಿದರೆ ಮೀನಿನ ಹೊಟ್ಟೆಯಂತೆ ಮಿನುಗುವವು.
ಅವರ ಚೌಕಾಸಿ ಕೇಳಬೇಕು,
ಆಲೂಗಡ್ಡೆ ಹರಾಜಿನವರು ಕಲಿಯಬೇಕು.

ಹಾರಿ ಬುಟ್ಟಿಗೆ ಜೋತುಬಿದ್ದವನಿಗೆ ಎರಡು ಸಾವಿರ.
ಮೊದಲ ವರ್ಷದ ಕಾರ್ಡು, ಮೂಲೆ ಮಡಚಿಲ್ಲ,
ಇನ್ನೂ ಒಂದೂ ಪಂದ್ಯ ಆಡಿಲ್ಲ ಅಂದರೆ ಮೂರು.
“ಆಡದವನಿಗೆ ಯಾಕೋ ಅಷ್ಟು?” ಅಂದೆ.
“ಅವನು ಇನ್ನೂ ಸೋತಿಲ್ಲವಲ್ಲ ಆಂಟಿ,” ಅಂದ ಜುನೇದ್.

ಉಳಿದವರು ಡಬ್ಬಿಯಲ್ಲಿ.
ಕೋಡುಬಳೆಯ ಹಳೇ ಡಬ್ಬಿ, ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ:
ಯಾವುದಾದರೂ ಹತ್ತು ರೂಪಾಯಿ.

ಗಿರಾಕಿಯಿಲ್ಲದ ಹೊತ್ತು ಅದನ್ನು ತೆಗೆಯುತ್ತೇನೆ,
ಕನ್ನಡಕ ಏರಿಸಿ ಹಿಂಬದಿಯ ಅಂಕಿ ಓದುತ್ತೇನೆ.
ಒಬ್ಬ ಹದಿನಾರು ವರ್ಷ ಆಡಿದ್ದಾನೆ.
ಬುಟ್ಟಿಗೆ ದಾರಿಯಾದ ಪಾಸು ಎಂಟು ಸಾವಿರ ಚಿಲ್ಲರೆ.
ಎಂಟು ಸಾವಿರ ಸಲ
ಇನ್ನೊಬ್ಬನ ಕೈ ಎಲ್ಲಿ ಬರುತ್ತದೆಂದು
ಆ ಕೈಗಿಂತ ಮುಂಚೆ ಕಂಡವನು.
ಮತ್ತೊಬ್ಬ ಗಿಡ್ಡ ಕತ್ತಿನ ದಪ್ಪನವ.
ಎದುರಾಳಿಯ ದಾರಿಗೆ ಗೋಡೆಯಾಗಿ ನಿಂತದ್ದಕ್ಕೆ
ಅಂಕಿಯೇ ಇಲ್ಲ, ಅದನ್ನು ಯಾರೂ ಎಣಿಸಲಿಲ್ಲ.
ಫೋಟೋದಲ್ಲೂ ಸುಮ್ಮನೆ ನಿಂತಿದ್ದಾನೆ,
ಅರಸೀಕೆರೆ ಬಸ್ಸಿಗೆ ಕಾಯುವವನ ಹಾಗೆ.

ಹುಡುಗರನ್ನು ಕೇಳಿದೆ. ಒಬ್ಬೊಬ್ಬನದೂ ಒಂದು ಕಾರಣ.
ಕಪ್ ಗೆದ್ದಿಲ್ಲ. ಚಿಕ್ಕ ಊರಿನ ತಂಡ.
ತುಂಬಾ ಪ್ರಿಂಟಾಗಿದೆ, ಎಲ್ಲರ ಹತ್ತಿರವೂ ಇದೆ.
ಹೆಸರು ಹೇಳೋಕೇ ಬರಲ್ಲ.
ಕೊನೆಗೆ ಶ್ರೇಯಾಂಕ ಅಂದ, ಹೆಚ್ಚು ಮಾತಾಡದವ:
“ಒಳ್ಳೇ ಆಟಗಾರನೇ ಆಂಟಿ.
ಆದರೆ ಫೋಟೋ ಆಗುವಂಥದ್ದು ಏನೂ ಮಾಡಲ್ಲ.”

ಲ್ಯಾಮಿನೇಷನ್ ಮಷೀನು ಬಿಸಿಯಾಯಿತೇ ಎಂದು
ನಾನು ಆ ಕಡೆ ತಿರುಗಿದೆ.

ತೊಂಬತ್ತಾರರಲ್ಲಿ ನಮ್ಮದು ಮಣ್ಣಿನ ಕೋರ್ಟು.
ಸುಣ್ಣದ ಗೆರೆ ಅರ್ಧ ಆಟಕ್ಕೇ
ನಮ್ಮ ಕಾಲಿಗೆ ಅಂಟಿ ಮುಗಿದಿರುತ್ತಿತ್ತು.
ಮಂಡ್ಯದವರ ಮೇಲೆ ಫೈನಲ್, ಉಳಿದದ್ದು ಹನ್ನೆರಡು ಸೆಕೆಂಡು.
ಕುಸುಮಾಕ್ಷಿ ನನ್ನನ್ನು ಸವರಿಕೊಂಡು ಓಡಿದಳು.
ಬೆನ್ನಟ್ಟಿದ ಉದ್ದದ ಹುಡುಗಿ
ನನ್ನ ಪಕ್ಕೆಲುಬಿಗೆ ಬಂದು ಅಪ್ಪಳಿಸಿದಳು.
ನಾನು ಅಲ್ಲಿ ನಿಂತದ್ದೇ ಅದಕ್ಕೆ.
ಉಸಿರು ತಿರುಗಿ ಕಣ್ಣು ಬಿಡುವಷ್ಟರಲ್ಲಿ
ಬಲೆ ಅಲುಗಿ ನಿಂತಿತ್ತು.
ಬುಟ್ಟಿ ನೋಡಲಿಲ್ಲ. ಸದ್ದು ಕೇಳಿದೆ.

ಪೇಪರಿನಲ್ಲಿ ಬಂತು:
ಕುಸುಮಾಕ್ಷಿ ಗಾಳಿಯಲ್ಲಿ, ಜಡೆ ಅವಳಿಗಿಂತ ಒಂದು ಗೇಣು ಮೇಲೆ.
ಎಡ ಅಂಚಿನಲ್ಲಿ ಒಂದು ಮೊಣಕೈ, ಬಟ್ಟೆ ಸುತ್ತಿದ್ದು.
ಗುರುತು ಹಿಡಿದವಳು ಅಮ್ಮ ಒಬ್ಬಳೇ,
ಬಟ್ಟೆ ಅವಳ ಸೀರೆಯದು.

ಹೋದ ತಿಂಗಳು ಹುಡುಗರಿಗೆ ಹೊಸ ಹುಚ್ಚು.
ನಮ್ಮೂರಿನ ಹಳೇ ಆಟಗಾರರ ಕಾರ್ಡು ಮಾಡೋಣ, ಹನ್ನೆರಡು ಜನ,
ನಿಮ್ಮಲ್ಲೇ ಪ್ರಿಂಟು, ಕಮ್ಮಿ ಮಾಡಿಕೊಳ್ಳಿ.
ಕ್ಲಬ್ಬಿನ ಫೈಲಿನಿಂದ ಅದೇ ಫೋಟೋ ತಂದಿದ್ದರು.
“ಎಡಗಡೆ ಸ್ವಲ್ಪ ಹೋಗಲಿ ಆಂಟಿ,
ಅಳತೆಗೆ ಕೂರಲ್ಲ. ಅಲ್ಲಿ ಏನೂ ಇಲ್ಲ.”

ಹೇಳಬಹುದಿತ್ತು.
ಕಟರಿಗೆ ಒಡ್ಡಿ, ಗೆರೆ ಸರಿಮಾಡಿ, ಹಿಡಿ ಒತ್ತಿದೆ.
ನಲವತ್ತು ಪ್ರತಿ, ನಲವತ್ತು ಮೊಣಕೈ,
ಒಂದೂ ಗುರಿ ತಪ್ಪದೆ
ಮೇಜಿನಡಿಯ ಕಸದ ಬುಟ್ಟಿಗೆ.

ಆಮೇಲೆ ಡಬ್ಬಿಯಿಂದ ಆ ದಪ್ಪನವನನ್ನು ಎತ್ತಿಕೊಂಡೆ.
“ಫ್ರೀ ತಗೊಳ್ಳಿ,” ಅಂದ ಜುನೇದ್, “ಅದನ್ನು ಯಾರೂ ಕೇಳಲ್ಲ.”
ನಾನು ಕೇಳಿದೆನಲ್ಲ, ಅಂದೆ.
ಹತ್ತು ರೂಪಾಯಿ ಗಾಜಿನ ಮೇಲಿಟ್ಟೆ.